ಕಡಿಮೆ ರೊಕ್ಕದಲ್ಲಿ ನಾಸಿಕ್ ವೈನ್ ಸೀಮೆ: ವಿಜಯಪುರದಿಂದ ಹೋಗುವವರಿಗೆ ಮಾಹಿತಿ

ವಿಜಯಪುರ: ಶಿರಡಿ, ತ್ರ್ಯಂಬಕೇಶ್ವರ ಅಂತ ವರ್ಷಕ್ಕೊಮ್ಮೆ ನಾಸಿಕ್ ಕಡೆ ಹೋಗಿಬರುವ ಕುಟುಂಬಗಳು ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅದೇ ನಾಸಿಕ್ ಪಕ್ಕದಲ್ಲಿ, ಗಂಗಾಪುರ ಅಣೆಕಟ್ಟೆಯ ಸುತ್ತ, ದೇಶದ ಅತ್ಯಂತ ಹೆಸರುವಾಸಿ ವೈನ್ ಸೀಮೆ ಇದೆ. "ಅದು ಮುಂಬೈ ಶ್ರೀಮಂತರ ಜಾಗ, ನಮಗಲ್ಲ" ಅಂತ ಬಹಳ ಜನ ಅತ್ತ ತಲೆ ಹಾಕುವುದಿಲ್ಲ. ಶನಿವಾರ ಟ್ಯಾಕ್ಸಿ ಮಾಡಿಕೊಂಡು ಹೋಗಿ, ತೋಟದೊಳಗಿನ ರೆಸಾರ್ಟಿನಲ್ಲೇ ಉಳಿದರೆ ಆ ಮಾತು ನಿಜ. ವಾರದ ನಡುವೆ ಹೋಗಿ, ಊರೊಳಗೆ ಉಳಿದು, ಒಂದೇ ವೈನರಿ ಸರಿಯಾಗಿ ನೋಡಿ ಬಂದರೆ ಯಾತ್ರೆಯ ಖರ್ಚಿಗೆ ಒಂದು ದಿನದ ಖರ್ಚು ಕೂಡುತ್ತದೆ, ಅಷ್ಟೇ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ದಿನ ಇನ್ನೊಂದು ಕಾರಣಕ್ಕೂ ಬೇಕು. ಅದು ಮುಂದೆ ಬರುತ್ತದೆ.

ಯಾವಾಗ ಹೋಗಬೇಕು

ವೈನ್ ದ್ರಾಕ್ಷಿ ಕಟಾವು ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ಬಳ್ಳಿಯಲ್ಲಿ ಹಣ್ಣು, ವೈನರಿಯಲ್ಲಿ ಕೆಲಸ, ಎರಡೂ ಒಟ್ಟಿಗೆ ನೋಡಲು ಸಿಗುವುದು ಆಗ ಮಾತ್ರ. ತೊಂದರೆ ಏನೆಂದರೆ ನಮ್ಮ ಕಡೆ ಕಟಾವು, ಒಣದ್ರಾಕ್ಷಿ ಶೆಡ್ಡಿನ ಗಡಿಬಿಡಿ ಶುರುವಾಗುವುದೂ ಆ ಹೊತ್ತಿಗೇ. ಬೆಳೆಗಾರರಿಗೆ ಜನವರಿಯ ಮೊದಲ ಹದಿನೈದು ದಿನ ಅನುಕೂಲ. ಅಂಗಡಿಯವರು ಫೆಬ್ರವರಿಯಲ್ಲೂ ಹೋಗಬಹುದು, ಆದರೆ ಸುಲಾ ಕಂಪನಿಯ ಸಂಗೀತ ಹಬ್ಬ ಸುಲಾಫೆಸ್ಟ್ ನಡೆಯುವ ವಾರ ಬಿಟ್ಟು. ಆ ವಾರ ರೂಮಿನ ದರ ಕೇಳುವುದೇ ಬೇಡ.

ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚಂದ ಕಾಣುತ್ತದೆ, ಆದರೆ ಬಳ್ಳಿಯಲ್ಲಿ ಹಣ್ಣಿರುವುದಿಲ್ಲ. ಏಪ್ರಿಲ್ ಚಾಟ್ನಿ ಆದ ಮೇಲೆ ಹೋದರೆ ಬರೀ ಕಡ್ಡಿ ನೋಡಿ ಬರಬೇಕಾದೀತು.

ಸೋಮವಾರದಿಂದ ಗುರುವಾರದೊಳಗಿನ ದಿನವೇ ಒಳ್ಳೆಯದು. ಜನವರಿ 26 ಮಹಾರಾಷ್ಟ್ರದಲ್ಲಿ ಡ್ರೈ ಡೇ. ರಜೆ ಇದೆ ಅಂತ ಆ ದಿನವೇ ಹೊರಟರೆ ವೈನ್ ಕೊಡುವುದಿಲ್ಲ. ಚುನಾವಣೆ ಇದ್ದರೂ ಅದೇ ಕಥೆ. ಇನ್ನೊಂದು, 2026ರ ಕೊನೆಯಿಂದ 2028ರವರೆಗೆ ನಾಸಿಕ್-ತ್ರ್ಯಂಬಕದಲ್ಲಿ ಸಿಂಹಸ್ಥ ಕುಂಭಮೇಳ. 2027ರ ಆಗಸ್ಟ್, ಸೆಪ್ಟೆಂಬರ್‌ನ ದೊಡ್ಡ ಸ್ನಾನದ ದಿನಗಳಲ್ಲಿ ಅಗ್ಗದ ರೂಮು ಸಿಗುವ ಮಾತೇ ಇಲ್ಲ.

ದಾರಿ

ಮೊದಲು ಸೊಲ್ಲಾಪುರ. ಬಸ್ಸಾದರೂ ಸರಿ, ರೈಲಾದರೂ ಸರಿ. ಹೆಣ್ಣುಮಕ್ಕಳು ನೆನಪಿಡಬೇಕಾದ್ದು: ಶಕ್ತಿ ಯೋಜನೆಯ ಉಚಿತ ಟಿಕೆಟ್ ರಾಜ್ಯದೊಳಗೆ ಮಾತ್ರ, ಸೊಲ್ಲಾಪುರಕ್ಕೆ ರೊಕ್ಕ ಕೊಟ್ಟೇ ಹೋಗಬೇಕು.

ಸೊಲ್ಲಾಪುರದಿಂದ ಬೆಂಗಳೂರು-ದಿಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬಹುದು. ಅದು ದೌಂಡ್, ಅಹಿಲ್ಯಾನಗರ ದಾಟಿ ಮನಮಾಡಿಗೆ ಹೋಗುತ್ತದೆ, ನಾಸಿಕ್‌ಗೆ ಹೋಗುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಮನಮಾಡಿನಲ್ಲಿ ಇಳಿದು, ಮುಂಬೈ ಕಡೆ ಹೋಗುವ ಬೇರೆ ರೈಲಿನಲ್ಲಿ ಸುಮಾರು 70 ಕಿ.ಮೀ. ಹೋದರೆ ನಾಸಿಕ್ ರೋಡ್ ಸ್ಟೇಷನ್. ರೈಲು ಬದಲಿಸುವ ರಗಳೆ ಬೇಡ ಎನ್ನುವವರು ಸೊಲ್ಲಾಪುರದಿಂದಲೇ ಮಹಾರಾಷ್ಟ್ರ ಸಾರಿಗೆಯ ಬಸ್ ನೋಡಬಹುದು. ರಾತ್ರಿ ಬಸ್ಸಾದರೆ ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯಿತು.

ಶಿರಡಿ ಹೇಗೂ ಮಾಡುವವರು ಮೊದಲು ಅಲ್ಲಿಗೆ ಹೋಗುವುದೇ ಲೆಕ್ಕಕ್ಕೆ ಸರಿ. ಸಂಸ್ಥಾನದ ಭಕ್ತ ನಿವಾಸದಲ್ಲಿ ಕಡಿಮೆ ದರದ ರೂಮು, ಪ್ರಸಾದಾಲಯದಲ್ಲಿ ಊಟ. ಅಲ್ಲಿಂದ ನಾಸಿಕ್ ಸುಮಾರು 90 ಕಿ.ಮೀ., ಬಸ್ಸಿಗೆ ಕೊರತೆಯಿಲ್ಲ. ತ್ರ್ಯಂಬಕೇಶ್ವರ ನಾಸಿಕ್‌ನಿಂದ ಸುಮಾರು 30 ಕಿ.ಮೀ. ದೇವರ ದರ್ಶನ ಮೊದಲು ಮುಗಿಸಿ, ವೈನರಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರೆ ಮನೆಯ ಹಿರಿಯರ ತಕರಾರೂ ಇರುವುದಿಲ್ಲ.

ನಾಸಿಕ್‌ನಲ್ಲಿ

ಉಳಿಯಲು ಪಂಚವಟಿ ಅಥವಾ ಹಳೇ ಬಸ್ ನಿಲ್ದಾಣದ ಸುತ್ತಮುತ್ತ ನೋಡಿ. ಯಾತ್ರಿಕರ ಊರಾದ್ದರಿಂದ ಧರ್ಮಶಾಲೆ, ಸಾದಾ ಲಾಡ್ಜ್ ಎರಡೂ ಇವೆ. ವೈನರಿಗಳ ರೆಸ್ಟೋರೆಂಟ್‌ಗಳಲ್ಲಿ ಊಟ ದುಬಾರಿ. ಬೆಳಿಗ್ಗೆ ಊರಲ್ಲೇ ಮಿಸಳ್ ಪಾವ್ ಹೊಟ್ಟೆ ತುಂಬಾ ತಿಂದು ಹೊರಡಿ. ನಾಸಿಕ್ ಮಿಸಳ್‌ಗೆ ಹೆಸರಾದ ಊರು, ನಮ್ಮ ಬಾಯಿಗೆ ಖಾರವೂ ಹೊಂದುತ್ತದೆ. ಖಾಲಿ ಹೊಟ್ಟೆಯಲ್ಲಿ ವೈನ್ ರುಚಿ ನೋಡುವುದು ಒಳ್ಳೆಯದಲ್ಲ, ಹಾಗಾಗಿ ಮಿಸಳ್ ಎರಡು ರೀತಿಯಲ್ಲಿ ಉಪಯೋಗಕ್ಕೆ ಬಂತು. ಊರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನವರಿ ರಾತ್ರಿ ಚಳಿ ಜೋರು, ಸ್ವೆಟರ್ ಇರಲಿ.

ಹಲವು ವೈನರಿಗಳಿದ್ದರೂ ಬಜೆಟ್ ಪ್ರವಾಸಕ್ಕೆ ಗಂಗಾಪುರ ಭಾಗವೇ ಸಾಕು. ಸುಲಾ, ಯಾರ್ಕ್, ಸೋಮಾ ಎಲ್ಲವೂ ನಗರಕ್ಕೆ ಹತ್ತಿರ, ಆಟೋದಲ್ಲಿ ಹೋಗಿಬರುವಷ್ಟು ದೂರ. ದಿಂಡೋರಿಯ ಶಾಂದೋನ್, ಇಗತ್‌ಪುರಿ ಕಡೆಯ ಗ್ರೋವರ್ ಝಾಂಪಾ, ವಲೋನೆ ಇವಕ್ಕೆಲ್ಲ ದಿನದ ಬಾಡಿಗೆ ಕಾರು ಬೇಕು. ಆಟೋದವರೊಂದಿಗೆ ವಾಪಸ್ ಬರುವುದನ್ನೂ ಸೇರಿಸಿಯೇ ಬಾಡಿಗೆ ಮಾತಾಡಿ. ಸಂಜೆ ಆ ರಸ್ತೆಯಲ್ಲಿ ಗಾಡಿ ಸಿಗುವುದು ಕಷ್ಟ.

ಸ್ವಂತ ಕಾರು ಒಯ್ದವರು ಓಡಿಸುವವರು ಯಾರು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನಿಸಬೇಕು. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 6 ತಿಂಗಳವರೆಗೆ ಜೈಲೂ ಆಗಬಹುದು. ಇಡೀ ಪ್ರವಾಸದ ಉಳಿತಾಯ ಒಂದೇ ಏಟಿಗೆ ಹೋಯಿತು.

ಸುಲಾದ ಕಥೆ ಕೇಳುವಂಥದ್ದು. ಅಮೆರಿಕದಲ್ಲಿ ಓದಿ ಬಂದ ರಾಜೀವ್ ಸಾಮಂತ್ 1990ರ ದಶಕದಲ್ಲಿ ಇಲ್ಲಿ ವೈನ್ ದ್ರಾಕ್ಷಿ ನೆಟ್ಟರು. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 2000ರಲ್ಲಿ. ಕಂಪನಿಯ ಹೆಸರು ಅವರ ತಾಯಿ ಸುಲಭಾ ಅವರ ಹೆಸರಿನಿಂದ ಬಂದದ್ದು. ಟೂರ್‌ನಲ್ಲಿ ಹಣ್ಣು ಹಿಂಡುವ ಯಂತ್ರ, ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ ತೋರಿಸಿ ವಿವರಿಸುತ್ತಾರೆ. ಕೊನೆಗೆ ಕೆಲವು ಬಗೆಯ ವೈನ್ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಕುಡಿಯದವರಿಗೂ ಟೂರ್ ನೋಡುವಂಥದ್ದೇ. ಟೂರ್ ಮಾತ್ರ ಸಾಕೇ, ಟೇಸ್ಟಿಂಗ್ ಸೇರಿಸಿ ಬೇಕೇ ಅಂತ ಬುಕ್ ಮಾಡುವಾಗಲೇ ಹೇಳಿ, ದರ ಕೇಳಿಕೊಳ್ಳಿ. ಶನಿವಾರ, ಭಾನುವಾರ ಒಳಗೆ ಬಿಡುವುದಕ್ಕೇ ಹಣ ಕೇಳುವ ಕಡೆಗಳೂ ಇವೆ. ಮಹಾರಾಷ್ಟ್ರದಲ್ಲಿ ವೈನ್‌ಗೆ 21 ವರ್ಷ ತುಂಬಿರಬೇಕು, ಆಧಾರ್ ಜೊತೆಗಿರಲಿ.

ಬೆಳೆಗಾರರು ಕೇಳಬೇಕಾದ ಪ್ರಶ್ನೆ

ಒಂದು ಕೆ.ಜಿ. ಒಣದ್ರಾಕ್ಷಿಗೆ ಸುಮಾರು 4 ಕೆ.ಜಿ. ಹಸಿ ಹಣ್ಣು ಬೇಕು. 750 ಮಿ.ಲೀ. ವೈನ್ ಬಾಟಲಿಗೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಸಾಕು. ಈ ಲೆಕ್ಕ ಕೇಳಿದ ಕೂಡಲೇ "ನಾವೂ ವೈನ್ ದ್ರಾಕ್ಷಿ ಹಚ್ಚೋಣ" ಅನ್ನುವವರಿದ್ದಾರೆ. ಹಚ್ಚುವ ಮೊದಲು ಅಲ್ಲಿ ಹೋಗಿ ತೋಟ ನೋಡಿ ಬರುವುದು ಒಳ್ಳೆಯದು.

ವೈನ್ ತಳಿಗಳಾದ ಸೋವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್, ಶಿರಾಜ್, ಕ್ಯಾಬರ್ನೆ ನಮ್ಮ ಥಾಮ್ಸನ್, ಸೋನಾಕಾ ಥರದವಲ್ಲ. ಕಾಳು ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ಎಕರೆಗೆ ಇಳುವರಿಯನ್ನೂ ಬೇಕಂತಲೇ ಕಡಿಮೆ ಇಡುತ್ತಾರೆ. ಕಂಪನಿ ತೆಗೆದುಕೊಳ್ಳದಿದ್ದರೆ ಈ ಹಣ್ಣನ್ನು ಸಂತೆಯಲ್ಲಿ ಯಾರೂ ಕೇಳುವುದಿಲ್ಲ, ತಾಸಗಾಂವ್ ಪೇಟೆಗೆ ಒಣಗಿಸಿ ಒಯ್ಯಲೂ ಬರುವುದಿಲ್ಲ. 2008ರ ನಂತರ ವೈನ್ ಮಾರಾಟ ಕುಸಿದಾಗ ನಾಸಿಕ್ ಭಾಗದ ಅನೇಕ ರೈತರು ಕೊಳ್ಳುವವರಿಲ್ಲದೆ ಬಳ್ಳಿ ಕಿತ್ತು ಹಾಕಿದ್ದರು. ಹೀಗಾಗಿ ಟೂರ್ ಮಾಡಿಸುವವರನ್ನು, ಸಾಧ್ಯವಾದರೆ ಪಕ್ಕದ ತೋಟದ ರೈತರನ್ನೂ ಕೇಳಬೇಕಾದ್ದು ಇಷ್ಟು: ಒಪ್ಪಂದ ಎಷ್ಟು ವರ್ಷದ್ದು, ದರ ಯಾರು ಕಟ್ಟುತ್ತಾರೆ, ಸಕ್ಕರೆ ಅಂಶ ಕಡಿಮೆ ಬಂದರೆ ಎಷ್ಟು ಕಡಿತ, ದುಡ್ಡು ಯಾವಾಗ ಕೈಗೆ ಬರುತ್ತದೆ. ವಿಜಯಪುರದವರಿಗೆ ಮರಾಠಿ ಹೊಸದಲ್ಲವಲ್ಲ, ಮಾತಿಗೆ ತೊಂದರೆಯಿಲ್ಲ.

ವಾಪಸ್ ಬರುವಾಗ

ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವ ಆಸೆ ಬೇಡ. ಅಬಕಾರಿ ಆಯಾ ರಾಜ್ಯದ ವಿಷಯ. ಮಹಾರಾಷ್ಟ್ರದ ತೆರಿಗೆ ಕಟ್ಟಿದ ಮಾಲು ಧೂಳಖೇಡ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಬಿಲ್ಲು ತೋರಿಸಿದರೂ ವಾದ ತಪ್ಪುವುದಿಲ್ಲ. ಸುಲಾ ಕಂಪನಿಗೆ ನಮ್ಮ ರಾಜ್ಯದಲ್ಲೇ, ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣ ಬಳಿ, ವೈನರಿ ಇದೆ. ನೆನಪಿಗೆ ತರುವುದಿದ್ದರೆ ನಾಸಿಕ್ ಚಿವಡಾ ತನ್ನಿ. ಅಗ್ಗ, ಮನೆಮಂದಿಗೆಲ್ಲ ಆಗುತ್ತದೆ.

ಇಷ್ಟು ದೂರ ಆಗದು ಎನ್ನುವವರು, ಬೆಂಗಳೂರಿನಲ್ಲಿ ಮಕ್ಕಳೋ ಬಂಧುಗಳೋ ಇದ್ದರೆ, ಅತ್ತ ಹೋದಾಗ ಚನ್ನಪಟ್ಟಣದ್ದನ್ನೋ, ನಂದಿಬೆಟ್ಟಕ್ಕೆ ಹತ್ತಿರದ ದೊಡ್ಡಬಳ್ಳಾಪುರ ತಾಲೂಕಿನ ರಘುನಾಥಪುರದಲ್ಲಿರುವ ಗ್ರೋವರ್ ವೈನರಿಯನ್ನೋ ನೋಡಬಹುದು. ಗ್ರೋವರ್ 1988ರಲ್ಲಿ ಶುರುವಾದದ್ದು, ಸುಲಾಗಿಂತ ಹಳೆಯದು. ಅಲ್ಲಿಗೂ ಮೊದಲೇ ಫೋನ್ ಮಾಡಿ ಬುಕ್ ಮಾಡಿಕೊಂಡೇ ಹೋಗಬೇಕು.