ಗಾಜಿನ ತೊಟ್ಟಿಯ ಪಾಚಿ

ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಒಗೆಯುವ ಕಲ್ಲಿಗೆ ಪಾಚಿ ಕಟ್ಟಿತೆಂದರೆ ನನ್ನ ಅಮ್ಮ ಸುಮ್ಮನಿರುತ್ತಿರಲಿಲ್ಲ. ಸೀರೆಯನ್ನು ಎತ್ತಿ ಕಟ್ಟಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ, ಸಂಜೆಯೊಳಗೆ ಕಲ್ಲಿನ ನಿಜಬಣ್ಣ ಹೊರಗೆ ತರುತ್ತಿದ್ದಳು. ಪಾಚಿಯೆಂದರೆ ಜಾರಿ ಬೀಳಿಸುವ ಶತ್ರು, ಅದು ಕಂಡರೆ ಮನೆಯ ಹೆಂಗಸಿಗೆ ಅವಮಾನ. ನಾನು ಕಲಿತದ್ದೂ ಅದನ್ನೇ.

ಮಗಳು ಓದಲೆಂದು ಹಾಸ್ಟೆಲ್ ಸೇರಿದಾಗ ತನ್ನ ಮೀನಿನ ತೊಟ್ಟಿಯನ್ನು ನನಗೆ ಒಪ್ಪಿಸಿ ಹೋದಳು. ಅದರಲ್ಲಿ ಐದು ಗೋಲ್ಡ್‌ಫಿಶ್‌ಗಳಿದ್ದವು. ಬಿಸಿಲು ಬಿದ್ದರೆ ಚೆನ್ನಾಗಿ ಹೊಳೆಯುತ್ತವೆಂದು ನಾನು ತೊಟ್ಟಿಯನ್ನು ಪೂರ್ವದ ಕಿಟಕಿಯ ಪಕ್ಕಕ್ಕೆ ಸರಿಸಿದೆ. ಹಸಿದಾವು ಎಂದು ದಿನಕ್ಕೆ ಮೂರು ಸಲ ಆಹಾರ ಹಾಕಿದೆ. ತಿಂಗಳು ಕಳೆಯುವುದರೊಳಗೆ ಗಾಜೆಲ್ಲ ಹಸಿರಾಯಿತು. ಒರೆಸಿದರೆ ವಾರದಲ್ಲಿ ಮತ್ತೆ ಹಾಜರ್! ಮನೆಗೆ ಬಂದವರು, “ಇದರಲ್ಲಿ ಮೀನು ಇದೆಯೇನ್ರೀ?” ಎಂದು ಕೇಳತೊಡಗಿದರು.

ಒಂದು ಭಾನುವಾರ ಅಮ್ಮನಂತೆಯೇ ಸೆರಗು ಸಿಕ್ಕಿಸಿ ನಿಂತೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತಳದ ಹರಳುಕಲ್ಲುಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ತೊಟ್ಟಿಯ ತುಂಬ ಹೊಸ ನೀರು ಹೊಯ್ದೆ. ಗಾಜು ಕನ್ನಡಿಯಂತಾಯಿತು. ಆದರೆ ನಾಲ್ಕನೆಯ ದಿನಕ್ಕೆ ಮೂರು ಮೀನುಗಳು ಸತ್ತು ತೇಲುತ್ತಿದ್ದವು. ಫೋನಿನಲ್ಲಿ ಹೇಳಿದಾಗ ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೋಗ್ಲಿ ಬಿಡಮ್ಮ, ನೀನು ಒಳ್ಳೆಯದಕ್ಕೇ ಮಾಡಿದ್ದು” ಎಂದಳು. ಬೈದಿದ್ದರೇ ವಾಸಿಯಿತ್ತು.

ನನ್ನ ತಪ್ಪು ಏನೆಂದು ಹುಡುಕುತ್ತ ಹೋದವಳಿಗೆ ಗಾಜಿನ ತೊಟ್ಟಿಯ ಚರಿತ್ರೆಯೇ ಎದುರಾಯಿತು. ಆ ಚರಿತ್ರೆಯ ಮೊದಲ ಪುಟಗಳಲ್ಲಿ ಇದ್ದವರು ಹೆಂಗಸರು!

ಫ್ರಾನ್ಸಿನ ಜೀನ್ ವಿಲ್ಲೆಪ್ರೂ ಪವರ್ ಹುಟ್ಟಿದ್ದು 1794ರಲ್ಲಿ. ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿದು ಬದುಕಿದಾಕೆ. 1816ರಲ್ಲಿ ಒಬ್ಬ ರಾಜಕುಮಾರಿಯ ಮದುವೆಯ ಉಡುಪಿಗೆ ಕಸೂತಿ ಹಾಕಿ ಹೆಸರು ಪಡೆದಳು. ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾ ಸೇರಿದ ಮೇಲೆ ಅವಳ ಕಣ್ಣು ಕಡಲಿನ ಮೇಲೆ ಬಿತ್ತು. ಆರ್ಗೊನಾಟ್ ಎಂಬ ಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆಯೋ, ಬೇರೆಯವರದನ್ನು ಕದಿಯುತ್ತದೆಯೋ ಎಂದು ಪಂಡಿತರು ವಾದಿಸುತ್ತಿದ್ದ ಕಾಲ ಅದು. 1832ರಲ್ಲಿ ಆಕೆ ಗಾಜಿನ ತೊಟ್ಟಿ ಮಾಡಿಸಿ, ಆ ಜೀವಿಯನ್ನು ಅದರಲ್ಲಿ ಸಾಕಿ, ದಿನದಿನವೂ ನೋಡಿ, ಚಿಪ್ಪು ಅದರ ಸ್ವಂತದ್ದೇ ಎಂದು ತೋರಿಸಿಕೊಟ್ಟಳು. 1838ರಲ್ಲಿ ಹಡಗು ಮುಳುಗಿ ಆಕೆಯ ಸಂಗ್ರಹದ ಬಹುಭಾಗ ಸಮುದ್ರದ ಪಾಲಾಯಿತು. ಐದರಲ್ಲಿ ಮೂರು ಮೀನು ಕಳೆದುಕೊಂಡ ನನಗೇ ಇಷ್ಟು ಸಂಕಟವಾದರೆ ಆಕೆಗೆ ಏನಾಗಿರಬೇಕು!

ಲಂಡನ್ನಿನ ಅನ್ನಾ ಥಿನ್ ಪಾದ್ರಿಯ ಹೆಂಡತಿ. 1846ರಲ್ಲಿ ಕಡಲತೀರದಿಂದ ಹವಳದ ಜೀವಿಗಳನ್ನು ಮನೆಗೆ ತಂದಳು. ನೀರು ಕೆಡದಂತೆ ಮನೆಗೆಲಸದ ಹುಡುಗಿ ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಆ ಪಾತ್ರೆಯಿಂದ ಈ ಪಾತ್ರೆಗೆ ನೀರನ್ನು ಎತ್ತಿ ಹೊಯ್ಯಬೇಕಿತ್ತು. ನಾವು ಬಿಸಿ ಹಾಲು ಆರಿಸುತ್ತೇವಲ್ಲ, ಹಾಗೆ. ಹಾಗೆ ಮಾಡಿದರೆ ಗಾಳಿ ನೀರಿಗೆ ಸೇರುತ್ತದೆ. ಆ ಹುಡುಗಿಯ ರಟ್ಟೆಯ ನೋವನ್ನು ಯಾರೂ ಬರೆದಿಡಲಿಲ್ಲ. ಮರುವರ್ಷ ಅನ್ನಾ ಕಡಲಿನ ಸಸ್ಯಗಳನ್ನೇ ತೊಟ್ಟಿಗೆ ಹಾಕಿದಳು. ಬೆಳಕಿನಲ್ಲಿ ಅವು ಆಮ್ಲಜನಕ ಬಿಡುವುದರಿಂದ ಜೀವಿಗಳು ಉಳಿದವು.

ಪಾಚಿಯ ಗೋಳು ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞನಿಗೂ ತಪ್ಪಲಿಲ್ಲ. 1849ರಲ್ಲಿ ಆತ ಗೋಲ್ಡ್‌ಫಿಶ್‌ಗಳನ್ನೂ ನೀರುಗಿಡವನ್ನೂ ಒಂದೇ ತೊಟ್ಟಿಯಲ್ಲಿಟ್ಟ. ಎಲೆ ಕೊಳೆಯಿತು, ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಹತ್ತಿತು. ಆತ ನನ್ನಂತೆ ತಿಕ್ಕಲು ಹೋಗದೆ ಕೊಳದಿಂದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದವು. ಅವುಗಳ ಮೊಟ್ಟೆ ಮೀನಿಗೆ ಊಟವಾಯಿತು. ಮೀನಿನ ಕಸ ಗಿಡಕ್ಕೆ ಗೊಬ್ಬರವಾಯಿತು. 1850ರಲ್ಲಿ ಆತ ಇದನ್ನು ಪ್ರಕಟಿಸಿದ. ಗಾಜಿನ ಮೇಲಿದ್ದ ತೆರಿಗೆ ಇಂಗ್ಲೆಂಡಿನಲ್ಲಿ 1845ರಲ್ಲೇ ರದ್ದಾಗಿತ್ತು; 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆಯೂ ತೆರೆಯಿತು. ಮುಂದೆ ನಡುಮನೆಗಳಿಗೆಲ್ಲ ತೊಟ್ಟಿಯ ಹುಚ್ಚು ಹಿಡಿಯಿತು.

ನನ್ನ ಮೀನುಗಳ ಸಾವಿಗೆ ಉತ್ತರ ಸಿಕ್ಕಿದ್ದು ವಿನೊಗ್ರಾಡ್‌ಸ್ಕಿಯ ಕೆಲಸದಲ್ಲಿ. ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ಈ ವಿಜ್ಞಾನಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ್ದ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ಕರಗಿಸುವ ಜೀವಿಗಳು ಹರಳುಕಲ್ಲಿನ ಮೇಲೆ, ಸ್ಪಂಜಿನ ಒಳಗೆ ಮನೆ ಮಾಡಿರುತ್ತವೆ. ನಾನು ಕೊಳೆಯೆಂದು ತೊಳೆದದ್ದು ಅವುಗಳನ್ನೇ.

ಈಗ ತೊಟ್ಟಿ ಕಿಟಕಿಯಿಂದ ದೂರ ಸರಿದಿದೆ. ದೀಪ ದಿನಕ್ಕೆ ಏಳೆಂಟು ಗಂಟೆ ಮಾತ್ರ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರು ಬದಲು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ. ಸ್ಪಂಜನ್ನು ನಲ್ಲಿಯ ಕೆಳಗಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ಹಿಂಡುತ್ತೇನೆ. ಸೋಪು ಹತ್ತಿರಕ್ಕೂ ಬರುವಂತಿಲ್ಲ. ಹೆಚ್ಚು ಬೆಳಕು, ಹೆಚ್ಚು ಊಟ, ಇವೆರಡೇ ಪಾಚಿಯ ಅಪ್ಪ ಅಮ್ಮ. ಅವನ್ನು ತಡೆಯದೆ ಎಷ್ಟು ತಿಕ್ಕಿದರೂ ಅದು ಮರಳಿ ಬರುವುದೇ.

ಇನ್ನೊಬ್ಬ ಹೆಂಗಸನ್ನು ನೆನೆಯದೆ ಮುಗಿಸಲಾರೆ. ಇಂಗ್ಲೆಂಡಿನ ಅನ್ನಾ ಆಟ್ಕಿನ್ಸ್ 1843ರಲ್ಲಿ ಕಡಲಪಾಚಿಗಳನ್ನು ಒಂದೊಂದಾಗಿ ರಾಸಾಯನಿಕ ಲೇಪಿಸಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀಲಿ ಹಿನ್ನೆಲೆಯಲ್ಲಿ ಬಿಳಿಯ ಚಿತ್ರ ಮೂಡಿಸತೊಡಗಿದಳು. ಹತ್ತು ವರ್ಷ ನಡೆದ ಆ ಕೆಲಸ, ಛಾಯಾಚಿತ್ರಗಳನ್ನು ಬಳಸಿದ ಮೊದಲ ಪುಸ್ತಕವೆಂದು ಹೆಸರಾಯಿತು. ನಾವು ಮೂಗು ಮುರಿಯುವ ಪಾಚಿಯ ಕುಲವೇ ಅದು.

ಉಳಿದ ಎರಡು ಮೀನುಗಳು ಚೆನ್ನಾಗಿವೆ. ಮುಂದಿನ ಗಾಜನ್ನು ಒರೆಸುತ್ತೇನೆ. ಹಿಂದಿನದನ್ನು ಹಸಿರಾಗಿಯೇ ಬಿಟ್ಟಿದ್ದೇನೆ. ರಜೆಗೆ ಬಂದ ಮಗಳು ನೋಡಿ, “ಏನಮ್ಮಾ, ನೀನು ಪಾಚಿಯನ್ನು ಬಿಟ್ಟಿದ್ದೀಯಾ!” ಎಂದು ನಕ್ಕಳು. ಮೀನುಗಳು ಆ ಹಸಿರಿಗೆ ಬಾಯಿ ಹಚ್ಚಿ ಮೇಯುತ್ತಿದ್ದವು.