ಬೀಜದ ಲೆಕ್ಕದಿಂದ ಐದು ಮೀಟರಿನ ಚೌಕಕ್ಕೆ

ಪಶ್ಚಿಮ ಘಟ್ಟದ ಬುಡದಲ್ಲಿ ಕುಮಾರಧಾರೆ, ಪಯಸ್ವಿನಿ ಮತ್ತು ಅವುಗಳ ತೋಡುಗಳು ಕೊರೆದ ಇಕ್ಕಟ್ಟಾದ ಕಣಿವೆಗಳೇ ಪುತ್ತೂರು, ಸುಳ್ಯ, ಕಡಬಗಳ ಭತ್ತದ ನೆಲವಾದುದರಿಂದ, ಇಲ್ಲಿನ ಗದ್ದೆಗಳು ನೀರಿನ ಆಸರೆಗೆ ತಕ್ಕಂತೆ ಮೂರು ಹೆಸರು ಪಡೆದಿವೆ. ಕಣಿವೆಯ ತಳದಲ್ಲಿದ್ದು ಏಣೆಲು (ಮಳೆಗಾಲದ ಬೆಳೆ), ಸುಗ್ಗಿ (ಚಳಿಗಾಲದ್ದು), ಕೊಳಕೆ (ಬೇಸಿಗೆಯದು) ಎಂಬ ಮೂರು ಬೆಳೆಗೂ ಒದಗುವುದು ಬೈಲು. ಅದರ ಮೇಲಿದ್ದು ಎರಡು ಬೆಳೆ ಕೊಡುವುದು ಮಜಲು. ಮಳೆಯೊಂದನ್ನೇ ನಂಬಿ ಏಣೆಲು ಮಾತ್ರ ಬೆಳೆಯುವುದು ಬೆಟ್ಟು. ಒಂದೇ ಮನೆತನದ ಹಿಡುವಳಿಯಲ್ಲಿಯೂ ಇಳುವರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವಲ್ಲಿ, ಊರಿನ ಬೆಳೆ ಎಷ್ಟೆಂದು ಹೇಳುವ ಅಧಿಕಾರ ಯಾರದೆಂಬುದು ಸದಾ ಗಂಭೀರವಾದ ಪ್ರಶ್ನೆಯಾಗಿತ್ತು.

ಅತ್ಯಂತ ಹಳೆಯ ಅಳತೆ ಬೀಜದ್ದು. ಎಷ್ಟು ಮುಡಿ ಬೀಜ ಬಿತ್ತಬಹುದೋ ಅದೇ ಗದ್ದೆಯ ವಿಸ್ತಾರ, ಬಿತ್ತಿದ್ದರ ಎಷ್ಟು ಪಟ್ಟು ಬಂದಿತೋ ಅದೇ ಇಳುವರಿ. 1799ರ ಬಳಿಕ ಕೆನರಾದ ಕಲೆಕ್ಟರನಾದ ಥಾಮಸ್ ಮನ್ರೋ, ವಿಜಯನಗರದ ಹರಿಹರನ ಕಾಲದ್ದೆಂದು ದಾಖಲಿಸಿದ ಕ್ರಮದಲ್ಲಿ, ಎರಡೂವರೆ ಕಟ್ಟಿ (ಧಾನ್ಯದ ಒಂದು ಅಳತೆ) ಬೀಜಕ್ಕೆ ಮೂವತ್ತು ಕಟ್ಟಿ ಭತ್ತ, ಅಂದರೆ ಹನ್ನೆರಡು ಪಟ್ಟು ಬೆಳೆಯೆಂದು ಹಿಡಿದು, ಅರ್ಧವನ್ನು ಉಳುವವನಿಗೂ ಕಾಲುಭಾಗವನ್ನು ಭೂಮಾಲೀಕನಿಗೂ ಬಿಟ್ಟು, ಉಳಿದ ಕಾಲುಭಾಗವನ್ನು ಅರಸು, ದೇವಸ್ಥಾನ ಮತ್ತು ಬ್ರಾಹ್ಮಣರಿಗೆ ಹಂಚಲಾಗುತ್ತಿತ್ತು. ಬೈಲಿಗೂ ಬೆಟ್ಟಿಗೂ ಒಂದೇ ಹನ್ನೆರಡು ಪಟ್ಟು ಸಲ್ಲದೆಂಬುದನ್ನು ಉಳುವವನು ಬಲ್ಲನಾದರೂ ಕಂದಾಯದ ಕಡತ ಸರಾಸರಿಯನ್ನೇ ನೆಚ್ಚುತ್ತಿತ್ತು.

ಧಾನ್ಯರೂಪದಲ್ಲಿ ತೆರಿಗೆ ಕೊಡುವಾಗ ಬೆಳೆ ಕಡಿಮೆಯಾದುದರ ನಷ್ಟ ಅಷ್ಟಿಷ್ಟು ಅರಸನಿಗೂ ತಟ್ಟುತ್ತಿತ್ತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು (ಗ್ರಾಮಸಮೂಹಗಳನ್ನು) 1834ರಲ್ಲಿ ಕಂಪನಿ ಸರಕಾರ ಕೆನರಾಕ್ಕೆ ಸೇರಿಸಿ, ಕಂದಾಯವನ್ನು ನಗದಿನಲ್ಲಿಯೇ ಕಟ್ಟಬೇಕೆಂದಾಗ ಆ ಹೊರೆಯೆಲ್ಲ ರೈತನ ಮೇಲೆ ಬಿದ್ದಿತು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ಸಾಗಿದ 1837ರ ರೈತರ ಬಂಡಾಯಕ್ಕೆ ಇದೊಂದು ಮುಖ್ಯ ಕಾರಣ.

ಮುಂದೆ ನೆಲೆಗೊಂಡ ಆಣೆವಾರಿ ಪದ್ಧತಿಯಲ್ಲಿ ಪೂರ್ಣ ಬೆಳೆಯನ್ನು ಹದಿನಾರು ಆಣೆಯೆಂದು ಇಟ್ಟುಕೊಂಡು, ಶಾನುಭೋಗನೋ ಪಟೇಲನೋ ಗದ್ದೆ ನೋಡಿ ಈ ವರ್ಷ ಎಷ್ಟು ಆಣೆಯೆಂದು ಅಂದಾಜಿಸುತ್ತಿದ್ದರು. ವಿಸ್ತೀರ್ಣವನ್ನು ವಾಡಿಕೆಯ ಇಳುವರಿಯಿಂದಲೂ ಆ ಆಣೆಯ ಪ್ರಮಾಣದಿಂದಲೂ ಗುಣಿಸಿದರೆ ಒಟ್ಟು ಬೆಳೆ ದೊರೆಯುತ್ತಿತ್ತು. ಕಣ್ಣಳತೆ ಅನುಭವದಿಂದ ಬಂದದ್ದೇ ಆದರೂ ಅದರ ತಪ್ಪು ಎಷ್ಟೆಂದು ಅಳೆಯುವ ಸಾಧನ ಆ ಪದ್ಧತಿಯೊಳಗೆ ಇರಲಿಲ್ಲ.

ಆ ಸಾಧನ ಬಂದುದು ಯಾದೃಚ್ಛಿಕ ಮಾದರಿಯಿಂದ, ಅಂದರೆ ಪ್ರತಿಯೊಂದು ಗದ್ದೆಗೂ ಆಯ್ಕೆಯಾಗುವ ಅವಕಾಶವಿರುವಂತೆ ಚೀಟಿ ಎತ್ತುವ ಕ್ರಮದಿಂದ. ಬಿಹಾರ ಮತ್ತು ಒರಿಸ್ಸಾ ಪ್ರಾಂತ್ಯದಲ್ಲಿ ಜಾನ್ ಹಬ್ಬಕ್ 1920ರ ದಶಕದಲ್ಲಿ ಭತ್ತಕ್ಕೆ ಇದನ್ನು ಪ್ರಯೋಗಿಸಿದನು, ಬಂಗಾಳದಲ್ಲಿ ಪಿ. ಸಿ. ಮಹಾಲನೋಬಿಸ್ ಮತ್ತು ಕೃಷಿ ಸಂಶೋಧನಾ ಮಂಡಳಿಯಲ್ಲಿ ಪಿ. ವಿ. ಸುಖಾತ್ಮೆ ಅದನ್ನು ಬೆಳೆಸಿದರು. ತುಂಡು ತೀರ ಚಿಕ್ಕದಾದರೆ ಅಂಚಿನ ತೆನೆಗಳೂ ಒಳಗೆ ಸೇರಿ ಇಳುವರಿ ಉಬ್ಬಿ ಕಾಣುತ್ತದೆಂಬ ಸುಖಾತ್ಮೆಯವರ ಎಚ್ಚರಿಕೆ, ಕಿರಿದಾದ ಗದ್ದೆಗಳ ಈ ಸೀಮೆಗೆ ವಿಶೇಷವಾಗಿ ಸಲ್ಲುವಂಥದ್ದು.

ಇಂದಿನ ಬೆಳೆ ಕಟಾವು ಪ್ರಯೋಗದಲ್ಲಿ ತಾಲ್ಲೂಕನ್ನು ಒಂದು ಸ್ತರವೆಂದು, ಅಂದರೆ ಮಾದರಿಯನ್ನು ಪ್ರತ್ಯೇಕವಾಗಿ ಆರಿಸುವ ವಿಭಾಗವೆಂದು ಹಿಡಿದು, ಮೊದಲು ಗ್ರಾಮ, ಬಳಿಕ ಸರ್ವೆ ನಂಬರು, ಕೊನೆಗೆ ಗದ್ದೆಯೊಳಗಿನ ಸ್ಥಾನವನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತುಮಾಡಿ, ಐದು ಮೀಟರ್ ಉದ್ದಗಲದ ಚೌಕದಲ್ಲಿ ಕೊಯ್ದು ಬಡಿದು ತೂಗಲಾಗುತ್ತದೆ. ಆ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ಬರುವುದರಿಂದ, ತಕ್ಕಡಿಯಲ್ಲಿ ನೂರು ಗ್ರಾಂ ತಪ್ಪಿದರೆ ಕಡತದಲ್ಲಿ ನಲವತ್ತು ಕಿಲೋ ತಪ್ಪುತ್ತದೆ. ಏಣೆಲಿನ ಕೊಯ್ಲಿಗೆ ಮಳೆ ಇನ್ನೂ ಬಿಟ್ಟಿರದ ಈ ಊರುಗಳಲ್ಲಿ ಭತ್ತ ಹಸಿಯಾಗಿಯೇ ತೂಕಕ್ಕೆ ಬರುವುದು ಸಹಜವಾದುದರಿಂದ, ಮಾದರಿಯ ಒಂದು ಭಾಗವನ್ನು ಒಣಗಿಸಿ ಮರುತೂಗಿ ಒಣತೂಕದ ಪ್ರಮಾಣ ಕಂಡುಕೊಳ್ಳುವ ಹಂತವನ್ನು ಸಣ್ಣದೆಂದು ಬಿಡುವಂತಿಲ್ಲ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳಿಂದ ಕಡಬ ತಾಲ್ಲೂಕು ರಚನೆಯಾದಾಗ ಸ್ತರದ ಗಡಿಯೇ ಬದಲಾದುದರಿಂದ, ಹಳೆಯ ಮತ್ತು ಹೊಸ ಸರಾಸರಿಗಳನ್ನು ನೇರವಾಗಿ ಹೋಲಿಸುವುದೂ ಕಷ್ಟ.

ಅಷ್ಟರಲ್ಲಿ ಬೆಟ್ಟು, ಮಜಲುಗಳ ಬಹುಪಾಲು ಅಡಿಕೆ ಮತ್ತು ರಬ್ಬರಿನ ತೋಟವಾಗಿದೆ. ಹಲವು ಕೊಯ್ಲುಗಳಲ್ಲಿ ಗೊನೆ ಇಳಿಸುವ, ಮಳೆ ಹೆಚ್ಚಾದಾಗ ಕೊಳೆರೋಗಕ್ಕೆ ಕಾಯಿ ಉದುರಿಸುವ ಅಡಿಕೆಗೆ ಐದು ಮೀಟರಿನ ಚೌಕ ಹೊಂದುವುದಿಲ್ಲ. ಆದುದರಿಂದ ಅಡಿಕೆ ಮತ್ತು ಕರಿಮೆಣಸಿಗೆ ಹವಾಮಾನ ಆಧಾರಿತ ವಿಮೆ ಬಂದಿದ್ದು, ಅದರಲ್ಲಿ ಪರಿಹಾರ ನಿರ್ಧಾರವಾಗುವುದು ಬೆಳೆಯ ತೂಕದಿಂದಲ್ಲ, ಮಳೆಮಾಪಕ ಕೊಡುವ ಅಂಕಿಗಳಿಂದ.