ಪದ ಪರಿಚಯ: ವಾಕ್ಸೆಲ್

ಘನಗಾತ್ರವನ್ನು ಹೇಳುವ ‘ವಾಲ್ಯೂಮ್’ ಎಂಬ ಇಂಗ್ಲಿಷ್ ಪದದ ತಲೆಯನ್ನು ‘ಪಿಕ್ಸೆಲ್’ನ ಬಾಲಕ್ಕೆ ಜೋಡಿಸಿ ‘ವಾಕ್ಸೆಲ್’ ಪದವನ್ನು ಕಟ್ಟಲಾಗಿದೆ. ಚಪ್ಪಟೆ ಚಿತ್ರದ ಚುಕ್ಕಿಯನ್ನು ಹೆಸರಿಸುವ ಪಿಕ್ಸೆಲ್ ಕೂಡ 1960ರ ದಶಕದಲ್ಲಿ ಹೀಗೆಯೇ ಎರಡು ಪದಗಳ ಕೂಡಿಕೆಯಿಂದ ಬಳಕೆಗೆ ಬಂದದ್ದು, ವಾಕ್ಸೆಲ್ ಆಳವೂ ಉಳ್ಳ ಚಿತ್ರದ ಅತಿ ಸಣ್ಣ ಘನವನ್ನು ಸೂಚಿಸುತ್ತದೆ. ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದ ಮಿದುಳಿನ ಚಟುವಟಿಕೆಯನ್ನು ಊಹಿಸುವ ಎಫ್‌ಎಂಆರ್‌ಐ ಚಿತ್ರಣದಲ್ಲಿ ಇದರ ಅಂಚು ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಇದ್ದು, ಅಷ್ಟರೊಳಗೇ ಲಕ್ಷಾಂತರ ನರಕೋಶಗಳು ಅಡಗಿರುವುದರಿಂದ, ವಾಕ್ಸೆಲ್ ಅಳತೆಯ ಘಟಕವೇ ಹೊರತು ಮಿದುಳಿನ ಘಟಕವಲ್ಲ.

ಚಟುವಟಿಕೆಯ ಬೆಲೆ ನಿಗದಿತ ಮಿತಿಯನ್ನು ಮೀರಿದ, ಒಂದಕ್ಕೊಂದು ತಾಗಿಕೊಂಡಿರುವ ವಾಕ್ಸೆಲ್‌ಗಳ ಗುಂಪಿಗೆ ‘ಕ್ಲಸ್ಟರ್’ ಎಂದು ಹೆಸರು. ಅಷ್ಟು ದೊಡ್ಡ ಗುಂಪು ಬರಿಯ ಆಕಸ್ಮಿಕದಿಂದ ಮೂಡುವ ಸಂಭವ ತೀರ ಕಡಿಮೆಯೆಂದು ಸಂಖ್ಯಾಶಾಸ್ತ್ರದ ಪರೀಕ್ಷೆ ತೋರಿಸಿದರೆ ಅದು ಗಣನೀಯ ಕ್ಲಸ್ಟರ್ ಎನಿಸುತ್ತದೆ. ಆ ಗುಂಪಿನ ಗಡಿಯನ್ನು ಅಧ್ಯಯನದಲ್ಲಿ ಪಾಲ್ಗೊಂಡ ಪ್ರತಿಯೊಬ್ಬರ ಚಿತ್ರದ ಮೇಲೂ ಇಟ್ಟು, ಒಳಗಿನ ಬೆಲೆಗಳ ಸರಾಸರಿಯನ್ನು ತೆಗೆದರೆ ತಲೆಗೊಂದು ಸಂಖ್ಯೆ ದೊರೆತು, ಪರಿಣಾಮದ ದಿಕ್ಕನ್ನೂ ಉಳಿದವರಿಂದ ದೂರ ಸಿಡಿದ ವ್ಯಕ್ತಿಗಳನ್ನೂ ಗುರುತಿಸುವುದು ಸುಲಭವಾಗುತ್ತದೆ. ಅಪಾಯ ಇರುವುದೂ ಇಲ್ಲಿಯೇ: ಹೆಚ್ಚಿನ ಬೆಲೆಯುಳ್ಳವೆಂದೇ ಆಯ್ದ ವಾಕ್ಸೆಲ್‌ಗಳ ಸರಾಸರಿ ಸಹಜವಾಗಿ ಉಬ್ಬಿರುತ್ತದೆಯಾದ್ದರಿಂದ, ಅದೇ ದತ್ತಾಂಶದಲ್ಲಿ ಅದೇ ಪರಿಣಾಮವನ್ನು ಮತ್ತೆ ಪರೀಕ್ಷಿಸಿ ಸಿಕ್ಕ ಫಲ ಹೊಸ ಪುರಾವೆಯಾಗದು. ನಿಕೋಲಸ್ ಕ್ರೀಗೆಸ್ಕೋರ್ಟೆ ಮತ್ತು ಸಹೋದ್ಯೋಗಿಗಳು 2009ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವೃತ್ತಾಕಾರದ ವಿಶ್ಲೇಷಣೆ ಎಂದು ವಿವರಿಸಿದರು. ಪರಿಣಾಮದ ನಿಜವಾದ ಗಾತ್ರ ಬೇಕಾದಾಗ ಗಡಿಯನ್ನು ಬೇರೆ ದತ್ತಾಂಶದಿಂದಲೋ ಮೊದಲೇ ಗೊತ್ತುಪಡಿಸಿದ ಅಂಗರಚನಾ ನಕ್ಷೆಯಿಂದಲೋ ಆರಿಸಿಕೊಳ್ಳಬೇಕು.